ಎಪ್ಪತ್ತರ ದಶಕದ ಅಭಿಜಾತ ವಾಹನಗಳು

ಇಂಗ್ಲಿಷಿನ ‘ಕ್ಲಾಸಿಕ್’ ಎಂಬ ಮಾತಿಗೆ ಸಂವಾದಿಯಾಗಿ ನಾವು ‘ಅಭಿಜಾತ’ ಎಂಬ ಪದವನ್ನು ಬಳಸುತ್ತೇವೆ. ಸಾಹಿತ್ಯದ ಓದುಗರು ಈ ಪದವನ್ನು ಸ್ವಲ್ಪ ಬಿಗುಮಾನದಿಂದಲೇ ಬಳಸುವುದುಂಟು. ಪಂಪನ ಕಾವ್ಯ ಅಭಿಜಾತವಾದದ್ದು, ಕಾಳಿದಾಸನ ನಾಟಕ ಅಭಿಜಾತವಾದದ್ದು ಎನ್ನುವಾಗ ನಮ್ಮ ಮನಸ್ಸಿನಲ್ಲಿರುವ ಅರ್ಥ ಇಷ್ಟು: ಅವು ಹಳೆಯವು, ಆದರೆ ಹಳಸಿದವಲ್ಲ, ಮತ್ತೆ ಮತ್ತೆ ತೆರೆದರೂ ಬರಿದಾಗದಂಥವು. ಇದೇ ಪದವನ್ನು ಮೋಟಾರ್ ಸೈಕಲ್ಲಿನ ಪ್ರಿಯರೂ ಬಳಸುತ್ತಾರೆಂಬುದನ್ನು ನಾನು ಮೊದಲು ತಿಳಿದಾಗ ಒಳಗೊಳಗೇ ನಕ್ಕಿದ್ದುಂಟು. ಕಬ್ಬಿಣ, ಅಲ್ಯೂಮಿನಿಯಂ, ರಬ್ಬರು, ಪೆಟ್ರೋಲು ಇವುಗಳ ಸಮಾಹಾರಕ್ಕೆ ಎಂಥ ಅಭಿಜಾತತೆ? ಆದರೆ ಮೂವತ್ತೈದು ವರ್ಷ ಕಾಲೇಜಿನಲ್ಲಿ ಕನ್ನಡ ಪಾಠ ಹೇಳಿ, ಆ ಅವಧಿಯ ಬಹುಭಾಗವನ್ನು ಒಂದು ಯೆಜ್ಡಿಯ ಮೇಲೆ ಕುಳಿತೇ ಕಳೆದ ನನಗೆ, ಆ ಪ್ರಶ್ನೆಯನ್ನು ಗಂಭೀರವಾಗಿ ಕೇಳಿಕೊಳ್ಳಬೇಕೆಂದು ಈಗ ಅನ್ನಿಸುತ್ತಿದೆ. 1970ರಿಂದ 1980ರವರೆಗಿನ ದಶಕದ ಕೆಲವು ಮೋಟಾರ್ ಸೈಕಲ್ಲುಗಳನ್ನು ಲೋಕವೆಲ್ಲ ಇಂದಿಗೂ ಅಭಿಜಾತವೆಂದು ಕೊಂಡಾಡುತ್ತದೆ. ಅವು ಯಾವುವು, ಏಕೆ ಹಾಗೆ ಎನ್ನಿಸಿಕೊಂಡವು, ಅವುಗಳಲ್ಲಿ ನಮ್ಮ ಮೈಸೂರಿನ ಪಾಲೆಷ್ಟು ಎಂಬುದನ್ನು ಈ ಹೊತ್ತು ವಿಚಾರ ಮಾಡೋಣ.

ಆ ದಶಕದ ಕಥೆ ನಿಜವಾಗಿ ಶುರುವಾಗುವುದು ಅದಕ್ಕೆ ಒಂದು ವರ್ಷ ಮುಂಚೆ, 1969ರಲ್ಲಿ. ಜಪಾನಿನ ಹೋಂಡಾ ಸಂಸ್ಥೆ ಆ ವರ್ಷ ‘ಸಿ.ಬಿ. 750’ ಎಂಬ ಮೋಟಾರ್ ಸೈಕಲ್ಲನ್ನು ಮಾರುಕಟ್ಟೆಗೆ ತಂದಿತು. ಸಾಲಾಗಿ ನಿಲ್ಲಿಸಿದ ನಾಲ್ಕು ಸಿಲಿಂಡರುಗಳು, ನಾಲ್ಕು ಸೈಲೆನ್ಸರುಗಳು, ಐದು ಗೇರು, ಗುಂಡಿ ಒತ್ತಿದರೆ ಹೊರಡುವ ಎಂಜಿನು, ಮುಂಚಕ್ರಕ್ಕೆ ಡಿಸ್ಕ್ ಬ್ರೇಕು. ಗಂಟೆಗೆ ಇನ್ನೂರು ಕಿಲೋಮೀಟರಿನ ವೇಗ ಅದರ ಅಳವಿನಲ್ಲಿತ್ತು. ಇವುಗಳಲ್ಲಿ ಯಾವುದೂ ಜಗತ್ತು ಕಂಡರಿಯದ ವಸ್ತುವಾಗಿರಲಿಲ್ಲ. ಪಂದ್ಯದ ವಾಹನಗಳಲ್ಲಿ ಇವೆಲ್ಲ ಒಂದಲ್ಲ ಒಂದು ಕಡೆ ಇದ್ದವು. ಆದರೆ ಒಬ್ಬ ಸಾಮಾನ್ಯ ನೌಕರ ಹಣ ಕೂಡಿಟ್ಟು ಅಂಗಡಿಗೆ ಹೋಗಿ ಕೊಂಡು ತರಬಹುದಾದ ಒಂದೇ ವಾಹನದಲ್ಲಿ ಇವೆಲ್ಲ ಒಟ್ಟುಗೂಡಿದ್ದು ಅದೇ ಮೊದಲು. ಇದಕ್ಕೆ ಎಷ್ಟು ಜನ ಮುಗಿಬೀಳುತ್ತಾರೆಂಬುದು ಹೋಂಡಾದವರಿಗೇ ಖಾತ್ರಿಯಿರಲಿಲ್ಲವಾದ್ದರಿಂದ, ಭಾರೀ ಪ್ರಮಾಣದ ತಯಾರಿಕೆಗೆ ಬೇಕಾದ ದುಬಾರಿ ಅಚ್ಚುಗಳನ್ನು ಮಾಡಿಸದೆ, ಮೊದಮೊದಲ ಎಂಜಿನುಗಳ ಹೊರಕವಚವನ್ನು ಸರಳವಾದ ಅಚ್ಚುಗಳಲ್ಲಿ ಎರಕ ಹೊಯ್ದರು. ಬೇಡಿಕೆ ಬೆಳೆದ ಮೇಲೆ ಆ ದುಬಾರಿ ಅಚ್ಚುಗಳು ಬಂದವು. ಸಂಕೋಚದಿಂದ ಮಾಡಿದ ಆ ಮೊದಲ ಕಂತಿನ ವಾಹನಗಳಿಗೇ ಇಂದು ಸಂಗ್ರಾಹಕರಲ್ಲಿ ಎಲ್ಲಕ್ಕಿಂತ ಹೆಚ್ಚಿನ ಬೆಲೆ.

ಹೋಂಡಾ ಹಾಕಿದ ಹೆಜ್ಜೆಯಿಂದ ಮಿಕ್ಕವರೆಲ್ಲ ಎಚ್ಚೆತ್ತರು. ಕವಾಸಾಕಿಯವರೂ ಅಂಥದೇ 750 ಸಿ.ಸಿ.ಯ ಒಂದು ವಾಹನವನ್ನು ಗುಟ್ಟಾಗಿ ಸಿದ್ಧಪಡಿಸುತ್ತಿದ್ದರು. ಹೋಂಡಾ ಮೊದಲು ಬಂದದ್ದನ್ನು ಕಂಡು ಅವರು ತಮ್ಮ ಯೋಜನೆಯನ್ನು ತಡೆಹಿಡಿದು, ಮತ್ತಷ್ಟು ಬೆಳೆಸಿ, 1972ರಲ್ಲಿ 903 ಸಿ.ಸಿ.ಯ ‘ಝಡ್ 1’ ಎಂಬುದನ್ನು ಹೊರತಂದರು. ಇಟಲಿಯ ಡುಕಾಟಿ ಸಂಸ್ಥೆಗೆ ಅದೇ 1972ರ ಏಪ್ರಿಲ್ ತಿಂಗಳಲ್ಲಿ ಇಮೋಲಾ ಎಂಬ ಊರಿನ ಪಂದ್ಯದಲ್ಲಿ ಮೊದಲೆರಡು ಸ್ಥಾನಗಳೂ ದೊರೆತವು. ಫಾಬಿಯೋ ಟಾಲ್ಯೋನಿ ಎಂಬ ಎಂಜಿನಿಯರು ರೂಪಿಸಿದ ಆ ಎಂಜಿನಿನಲ್ಲಿ ವಾಲ್ವುಗಳನ್ನು ಮುಚ್ಚುವುದಕ್ಕೆ ಸ್ಪ್ರಿಂಗುಗಳನ್ನು ನೆಚ್ಚಿರಲಿಲ್ಲ. ತೆರೆಯುವುದಕ್ಕೊಂದು ಸನ್ನೆ, ಮುಚ್ಚುವುದಕ್ಕೊಂದು ಸನ್ನೆ ಎಂಬ ಏರ್ಪಾಡಿತ್ತು. 1973ರಲ್ಲಿ ಜರ್ಮನಿಯ ಬಿ.ಎಂ.ಡಬ್ಲ್ಯು. ಸಂಸ್ಥೆ ‘ಆರ್ 90 ಎಸ್’ ಎಂಬ, ಹೊಗೆ ಹಾಯ್ದಂತೆ ಬಣ್ಣ ಬಳಿದ ಸೊಗಸಾದ ವಾಹನವನ್ನು ತಂದಿತು. ಜಪಾನಿನದು ಲೆಕ್ಕಾಚಾರದ ಚೆಲುವು. ಇಟಲಿಯದು ಹಠದ ಚೆಲುವು. ಜರ್ಮನಿಯದು ಶಿಸ್ತಿನ ಚೆಲುವು. ಅದೇ ಹೊತ್ತಿಗೆ, 1973ರ ಅಕ್ಟೋಬರಿನಲ್ಲಿ ಅರಬ್ ರಾಷ್ಟ್ರಗಳು ಇಸ್ರೇಲಿನೊಡನೆ ಯುದ್ಧಕ್ಕೆ ತೊಡಗಿ, ಕೆಲವೇ ತಿಂಗಳುಗಳಲ್ಲಿ ಕಚ್ಚಾ ಎಣ್ಣೆಯ ಬೆಲೆ ಸುಮಾರು ನಾಲ್ಕು ಪಟ್ಟಾಯಿತು. ವೇಗದ ಉತ್ಸವ ಒಂದೆಡೆ, ಎಣ್ಣೆಯ ಬರ ಇನ್ನೊಂದೆಡೆ. ದಶಕದ ಸ್ವಭಾವವೇ ಹೀಗೆ ಇಬ್ಬಗೆಯದಾಗಿತ್ತು.

ಈ ಭರಾಟೆಯಲ್ಲಿ ಉರುಳಿಬಿದ್ದದ್ದು ಬ್ರಿಟನ್. ಅದುವರೆಗೆ ಮೋಟಾರ್ ಸೈಕಲ್ ಎಂದರೆ ಇಂಗ್ಲೆಂಡಿನ ಸ್ವತ್ತು ಎಂಬ ಭಾವನೆ ಇತ್ತು. ಟ್ರಯಂಫ್, ನಾರ್ಟನ್, ಬಿ.ಎಸ್.ಎ. ಎಂಬ ಹೆಸರುಗಳಿಗೆ ನಮ್ಮಲ್ಲೂ ಗೌರವವಿತ್ತು. ಆದರೆ ಆ ಕಾರ್ಖಾನೆಗಳ ಯಂತ್ರೋಪಕರಣಗಳು ಹಳೆಯವಾಗಿದ್ದವು, ವಿನ್ಯಾಸಗಳು ಯುದ್ಧಪೂರ್ವದ ಮೂಲದವಾಗಿದ್ದವು. ಎಂಜಿನಿನ ಹೊರಕವಚವನ್ನು ಲಂಬವಾಗಿ ಎರಡು ಹೋಳು ಮಾಡಿ ಜೋಡಿಸುತ್ತಿದ್ದರಿಂದ ಆ ಸೇರುವೆಯಲ್ಲಿ ಎಣ್ಣೆ ಜಿನುಗುತ್ತಿತ್ತು. ಜಪಾನಿನವರು ಅದನ್ನು ಅಡ್ಡಲಾಗಿ ಹೋಳು ಮಾಡಿದ್ದರಿಂದ ಆ ತೊಂದರೆ ತಪ್ಪಿತು. 1973ರ ಸೆಪ್ಟೆಂಬರಿನಲ್ಲಿ, ಕಾವೆಂಟ್ರಿ ನಗರದ ಸಮೀಪದ ಮೆರಿಡೆನ್ ಎಂಬಲ್ಲಿದ್ದ ಟ್ರಯಂಫ್ ಕಾರ್ಖಾನೆಯನ್ನು ಮುಚ್ಚುವುದಾಗಿ ಆಡಳಿತವರ್ಗ ಸಾರಿತು. ಕಾರ್ಮಿಕರು ಒಪ್ಪಲಿಲ್ಲ. ಬಾಗಿಲಿಗೆ ಅಡ್ಡ ನಿಂತು, ಒಳಗಿದ್ದ ವಾಹನಗಳಾಗಲಿ ಯಂತ್ರಗಳಾಗಲಿ ಹೊರಗೆ ಹೋಗದಂತೆ ತಿಂಗಳುಗಟ್ಟಲೆ ಕಾದರು. ಕೊನೆಗೆ ಟೋನಿ ಬೆನ್ ಎಂಬ ಮಂತ್ರಿಯ ಬೆಂಬಲದಿಂದ ಸರ್ಕಾರದ ಸಾಲ ದೊರೆತು, 1975ರ ಮಾರ್ಚಿಯಲ್ಲಿ ಕಾರ್ಖಾನೆ ಕಾರ್ಮಿಕರದೇ ಒಂದು ಸಹಕಾರ ಸಂಘವಾಯಿತು. ಅಲ್ಲಿ ಎಲ್ಲರಿಗೂ ಒಂದೇ ಸಂಬಳ. ‘ಬಾನ್‌ವಿಲ್’ ಎಂಬ ಪ್ರಸಿದ್ಧ ವಾಹನವನ್ನು ಅವರು ತಮ್ಮ ಕೈಯಿಂದಲೇ 1983ರವರೆಗೆ ತಯಾರಿಸಿದರು; ಆಮೇಲೆ ಅದೂ ಮುಚ್ಚಿತು. ಪ್ರೀತಿಯೊಂದರಿಂದಲೇ ಕಾರ್ಖಾನೆ ಉಳಿಯುವುದಿಲ್ಲ ಎಂಬುದು ಅದರ ಪಾಠ. ಆದರೆ ಹತ್ತು ವರ್ಷಗಳ ಮಟ್ಟಿಗೆ ಪ್ರೀತಿ ಒಂದು ಕಾರ್ಖಾನೆಯನ್ನು ಉಳಿಸಿತು ಎಂಬುದೂ ಪಾಠವೇ ತಾನೆ?

ಇಷ್ಟೆಲ್ಲ ನಡೆಯುತ್ತಿರುವಾಗ ನಮ್ಮ ದೇಶದಲ್ಲಿ ಏನಾಗುತ್ತಿತ್ತು? ಹೊರಗಿನ ಗದ್ದಲ ನಮ್ಮ ಕಿವಿಗೆ ಬೀಳುತ್ತಲೇ ಇರಲಿಲ್ಲವೆಂದರೆ ತಪ್ಪಲ್ಲ. ವಿದೇಶಿ ವಾಹನಗಳ ಆಮದಿಗೆ ಬಾಗಿಲು ಮುಚ್ಚಿತ್ತು. ದೇಶದೊಳಗೆ ಯಾರು, ಯಾವುದನ್ನು, ಎಷ್ಟು ತಯಾರಿಸಬೇಕೆಂಬುದು ಸರ್ಕಾರದ ಪರವಾನಗಿಗೆ ಒಳಪಟ್ಟಿತ್ತು. ಸ್ಕೂಟರಿಗೆ ಹೆಸರು ಬರೆಸಿ ವರ್ಷಗಟ್ಟಲೆ ಕಾಯುವುದು ಮಧ್ಯಮವರ್ಗದ ಸಂಸಾರಗಳಲ್ಲಿ ಸರ್ವಸಾಮಾನ್ಯವಾಗಿತ್ತು. 1975ರಲ್ಲಿ ಬಂದ ‘ಶೋಲೆ’ ಚಿತ್ರವನ್ನು ನೆನೆಯಿರಿ. ಅದರ ಬಹುಭಾಗ ಚಿತ್ರಿತವಾದದ್ದು ನಮ್ಮ ರಾಮನಗರದ ಬಂಡೆಗಳ ನಡುವೆ. ಗೆಳೆಯರಿಬ್ಬರು ಹಾಡುತ್ತ ಸಾಗುವ ಆ ಪಕ್ಕದಬುಟ್ಟಿಯ ಮೋಟಾರ್ ಸೈಕಲ್ ಎರಡನೆಯ ಮಹಾಯುದ್ಧದ ಕಾಲದ ಬಿ.ಎಸ್.ಎ. ವಾಹನ. ಜಗತ್ತಿನ ಬೇರೆಡೆ ನಾಲ್ಕು ಸಿಲಿಂಡರಿನ ಯುಗ ನಡೆಯುತ್ತಿರುವಾಗ, ಎಪ್ಪತ್ತರ ದಶಕದ ಭಾರತದಲ್ಲಿ ಅತ್ಯಂತ ಜನಪ್ರಿಯವಾದ ಮೋಟಾರ್ ಸೈಕಲ್ಲಿನ ಚಿತ್ರ ಮೂವತ್ತು ವರ್ಷ ಹಳೆಯದೊಂದು ಸೈನ್ಯದ ಗಾಡಿಯದಾಗಿತ್ತು. ಇದರಲ್ಲಿ ನಗೆಪಾಟಲಿನ ಅಂಶವಿದೆ. ಆದರೆ ನಮ್ಮ ಯಂತ್ರಜ್ಞಾನ ಯಾವ ಬಗೆಯದಾಗಿತ್ತೆಂಬ ಸುಳಿವೂ ಇದೆ. ಹಳೆಯದನ್ನು ಎಸೆಯದೆ ಓಡಿಸಿಕೊಂಡು ಹೋಗುವ ವಿದ್ಯೆ ನಮಗೆ ಕರಗತವಾಗಿತ್ತು.

ಆ ಕಾಲದಲ್ಲಿ ನಮ್ಮ ರಸ್ತೆಗಳಲ್ಲಿ ಮುಖ್ಯವಾಗಿ ಕಾಣುತ್ತಿದ್ದ ಮೋಟಾರ್ ಸೈಕಲ್ಲುಗಳು ಮೂರು. ಮೂರೂ ಪರದೇಶದಲ್ಲಿ ಹುಟ್ಟಿ ಇಲ್ಲಿಗೆ ದತ್ತು ಬಂದವು. ಮೊದಲನೆಯದು ಬುಲೆಟ್. ಇಂಗ್ಲೆಂಡಿನ ರೆಡಿಚ್ ಎಂಬ ಊರಿನ ರಾಯಲ್ ಎನ್‌ಫೀಲ್ಡ್ ಸಂಸ್ಥೆಯ ಈ ವಾಹನವನ್ನು ನಮ್ಮ ಸೈನ್ಯ ಮೆಚ್ಚಿಕೊಂಡಿದ್ದರಿಂದ, 1955ರಲ್ಲಿ ಮದರಾಸಿನಲ್ಲಿ ಎನ್‌ಫೀಲ್ಡ್ ಇಂಡಿಯಾ ಸ್ಥಾಪನೆಯಾಗಿ ತಿರುವೊತ್ತಿಯೂರಿನಲ್ಲಿ ತಯಾರಿಕೆ ಆರಂಭವಾಯಿತು. ಎಪ್ಪತ್ತರ ದಶಕದ ಆರಂಭಕ್ಕೆ ಇಂಗ್ಲೆಂಡಿನ ಮೂಲ ಸಂಸ್ಥೆ ಮುಗಿದೇ ಹೋಯಿತು. ತಾಯಿ ಸತ್ತಮೇಲೂ ದತ್ತುಹೋದ ಮಗ ಬದುಕಿದ. ಅಷ್ಟೇ ಅಲ್ಲ, 1977ರ ಹೊತ್ತಿಗೆ ಮದರಾಸಿನ ಬುಲೆಟ್ಟುಗಳು ಇಂಗ್ಲೆಂಡಿಗೇ ರಫ್ತಾಗತೊಡಗಿದವು. ಎರಡನೆಯದು ರಾಜದೂತ್. ಪೋಲೆಂಡಿನ ಒಂದು 175 ಸಿ.ಸಿ. ವಾಹನದ ಮಾದರಿಯಲ್ಲಿ ಎಸ್ಕಾರ್ಟ್ಸ್ ಸಂಸ್ಥೆ 1962ರಿಂದ ತಯಾರಿಸಿದ ಇದು ಹಳ್ಳಿಯ ಹಾಲು ಮಾರುವವರಿಗೂ ರೈತರಿಗೂ ನೆಚ್ಚಿನ ಗಾಡಿಯಾಯಿತು. 1973ರ ‘ಬಾಬಿ’ ಚಿತ್ರದಲ್ಲಿ ರಿಷಿ ಕಪೂರ್ ಓಡಿಸಿದ ಅದರ ಪುಟ್ಟ ತಮ್ಮನಿಗೆ ಜನ ‘ಬಾಬಿ’ ಎಂದೇ ಹೆಸರಿಟ್ಟರು. ಮೂರನೆಯದು, ನಮ್ಮ ಮೈಸೂರಿನದು.

ಇದರ ಮೂಲ ಅಂದಿನ ಚೆಕೊಸ್ಲೊವಾಕಿಯ. ಪ್ರಾಗ್ ನಗರದಲ್ಲಿ ಆಯುಧಗಳ ಕಾರ್ಖಾನೆ ನಡೆಸುತ್ತಿದ್ದ ಫ್ರಾಂಟಿಶೆಕ್ ಯಾನೆಚೆಕ್ ಎಂಬಾತ, 1929ರಲ್ಲಿ ಜರ್ಮನಿಯ ವಾಂಡರರ್ ಸಂಸ್ಥೆಯಿಂದ ಒಂದು ಮೋಟಾರ್ ಸೈಕಲ್ಲಿನ ಹಕ್ಕನ್ನು ಕೊಂಡ. ತನ್ನ ಹೆಸರಿನ ಮೊದಲ ಅಕ್ಷರಗಳನ್ನೂ ವಾಂಡರರ್‌ನ ಮೊದಲ ಅಕ್ಷರಗಳನ್ನೂ ಕೂಡಿಸಿ ‘ಜಾವಾ’ ಎಂದು ಹೆಸರಿಟ್ಟ. ಸಮಾಸ ಮಾಡುವುದರಲ್ಲಿ ವೈಯಾಕರಣರು ಮಾತ್ರ ನಿಪುಣರಲ್ಲವೆಂದು ಇದರಿಂದ ತಿಳಿಯುತ್ತದೆ. ಎರಡನೆಯ ಮಹಾಯುದ್ಧದಲ್ಲಿ ದೇಶ ನಾಟ್ಸಿಗಳ ವಶವಾದಾಗ, ಅಲ್ಲಿನ ಎಂಜಿನಿಯರುಗಳು ಆಕ್ರಮಣಕಾರರ ಕಣ್ಣು ತಪ್ಪಿಸಿ, ಯುದ್ಧ ಮುಗಿದ ಮೇಲೆ ತಯಾರಿಸಬೇಕಾದ ವಾಹನವೊಂದರ ನಕ್ಷೆಗಳನ್ನು ಗುಟ್ಟಾಗಿ ಸಿದ್ಧಪಡಿಸಿಟ್ಟರು. 1946ರಲ್ಲಿ ಹೊರಬಂದ 250 ಸಿ.ಸಿ.ಯ ‘ಪೆರಾಕ್’ ಎಂಬುದೇ ಆ ವಾಹನ. ಪರಾಧೀನ ಕಾಲದಲ್ಲಿ ಸ್ವಾತಂತ್ರ್ಯದ ದಿನಕ್ಕಾಗಿ ಬರೆದಿಟ್ಟ ಕವಿತೆಗಳ ಮಾತು ನಮಗೆ ಪರಿಚಿತ. ಅಂಥ ಒಂದು ಮೋಟಾರ್ ಸೈಕಲ್ಲೂ ಉಂಟು ಎಂಬುದನ್ನು ನಾವು ಅರಿಯಬೇಕು. ಅದರ ವಂಶದ, 1954ರ ಅನಂತರದ ಒಂದು ಪೀಳಿಗೆಯೇ ಮುಂದೆ ಮೈಸೂರಿಗೆ ಬಂದದ್ದು.

ಇರಾನಿ ಮನೆತನದ ರುಸ್ತುಂ ಮತ್ತು ಫಾರೂಕ್ ಇರಾನಿಯವರು ಮೈಸೂರಿನ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆಯನ್ನು ಕಟ್ಟಿದರು. ಆಗ ರಾಜ್ಯಪಾಲರಾಗಿದ್ದ ಜಯಚಾಮರಾಜ ಒಡೆಯರು 1961ರಲ್ಲಿ ಅದನ್ನು ಉದ್ಘಾಟಿಸಿದರು. ರೇಷ್ಮೆಗೂ ಗಂಧದೆಣ್ಣೆಗೂ ಹೆಸರಾಗಿದ್ದ, ವೇಗವೆಂದರೆ ಟಾಂಗಾದ ವೇಗವೆಂದೇ ನಂಬಿದ್ದ ನಮ್ಮ ಊರಿಗೆ ಇದೊಂದು ಹೊಸ ಅನುಭವ. ಎಪ್ಪತ್ತರ ದಶಕದ ಮೊದಲ ಭಾಗದಲ್ಲಿ, 1973ರ ಸುಮಾರಿಗೆ, ವಾಹನದ ಟ್ಯಾಂಕಿನ ಮೇಲೆ ಜಾವಾ ಎಂಬ ಹೆಸರು ಹೋಗಿ ಯೆಜ್ಡಿ ಎಂಬ ಹೆಸರು ಬಂದಿತು. ಈ ಹೆಸರಿಗೆ ಎರಡು ನಿಷ್ಪತ್ತಿಗಳನ್ನು ಹೇಳುತ್ತಾರೆ. ಇರಾನ್ ದೇಶದ ಯಜ್ದ್ ಎಂಬ ನಗರದಿಂದ ಬಂದದ್ದೆಂದು ಒಂದು; ಚೆಕ್ ಭಾಷೆಯಲ್ಲಿ ಸವಾರಿ ಮಾಡುವುದೆಂಬ ಅರ್ಥದ ಧಾತುವಿನಿಂದ ಬಂದದ್ದೆಂದು ಇನ್ನೊಂದು. ಎರಡರಲ್ಲಿ ಯಾವುದನ್ನು ಒಪ್ಪಿದರೂ ಅರ್ಥಕ್ಕೆ ಕೊರತೆಯಿಲ್ಲ. ಒಂದರಲ್ಲಿ ಹಿರಿಯರ ನೆಲದ ನೆನಪಿದೆ. ಇನ್ನೊಂದರಲ್ಲಿ ಮುಂದಿನ ದಾರಿಯ ಆಹ್ವಾನವಿದೆ. 1978ರಲ್ಲಿ ‘ರೋಡ್‌ಕಿಂಗ್’ ಎಂಬ ಮಾದರಿ ಬಂತು. ಯುವಕರ ಮಟ್ಟಿಗೆ ಅದು ಆ ಕಾಲದ ಕನಸು. ಮೈಸೂರಿನಲ್ಲಿ ತಯಾರಾದ ವಾಹನಗಳು ಆಫ್ರಿಕ, ಮಧ್ಯ ಅಮೆರಿಕಗಳವರೆಗೂ ಹೋದವು.

ಇದರ ಒಳಗಿನ ಏರ್ಪಾಡನ್ನು ಸ್ವಲ್ಪ ವಿವರಿಸಬೇಕು, ಏಕೆಂದರೆ ನಾನು ಹೇಳಬೇಕೆಂದಿರುವ ಮಾತಿನ ತಿರುಳು ಅಲ್ಲಿಯೇ ಇದೆ. ಯೆಜ್ಡಿಯದು ಟು-ಸ್ಟ್ರೋಕ್ ಎಂಜಿನು. ಅಂದರೆ ಪಿಸ್ಟನ್ನು ಒಮ್ಮೆ ಮೇಲೆ ಹೋಗಿ ಒಮ್ಮೆ ಕೆಳಗೆ ಬರುವಷ್ಟರಲ್ಲಿ ಅದರ ಒಂದು ಆವರ್ತ ಮುಗಿಯುತ್ತದೆ. ಬೇರೆ ಎಂಜಿನುಗಳಲ್ಲಿ ಇರುವಂತೆ ಇದರಲ್ಲಿ ವಾಲ್ವುಗಳಿಲ್ಲ. ಸಿಲಿಂಡರಿನ ಗೋಡೆಯಲ್ಲಿ ಕಿಂಡಿಗಳಿವೆ. ಪಿಸ್ಟನ್ನೇ ಸರಿದಾಡುತ್ತ ಅವುಗಳನ್ನು ತೆರೆಯುತ್ತದೆ, ಮುಚ್ಚುತ್ತದೆ. ಎಂಜಿನಿಗೆ ಬೇಕಾದ ಎಣ್ಣೆಯನ್ನು ಪೆಟ್ರೋಲಿನಲ್ಲಿಯೇ ಬೆರೆಸಿ ಹಾಕಬೇಕು. ಬಂಕಿನಲ್ಲಿ ಆ ಅಳತೆಯ ಡಬ್ಬಿಯನ್ನು ಹಿಡಿದು ನಿಲ್ಲುವುದು ಒಂದು ಸಂಸ್ಕಾರದಂತಿತ್ತು. ಒಂದೇ ಸಿಲಿಂಡರಿಗೆ ಇಬ್ಬದಿಯಲ್ಲಿ ಎರಡು ಸೈಲೆನ್ಸರು. ಅದರಿಂದ ಹೊರಡುವ ಸದ್ದನ್ನು ಕೇಳಿ, ಬೀದಿಯ ತಿರುವಿನಲ್ಲಿರುವಾಗಲೇ ಮನೆಯವರು ಒಲೆಯ ಮೇಲೆ ಕಾಫಿಗೆ ನೀರಿಡುತ್ತಿದ್ದರು. ಇನ್ನೊಂದು ಚಮತ್ಕಾರವೆಂದರೆ, ಕಿಕ್ ಹೊಡೆಯುವ ಸನ್ನೆಯೇ ಗೇರು ಬದಲಾಯಿಸುವ ಸನ್ನೆ. ಎಂಜಿನು ಹೊತ್ತಿಕೊಂಡ ಮೇಲೆ ಅದನ್ನು ಮುಂದಕ್ಕೆ ಮಡಿಸಿದರೆ ಗೇರಿನ ಕೆಲಸಕ್ಕೆ ಸಿದ್ಧ. ಗೇರು ಬದಲಾಯಿಸುವಾಗ ಕಾಲಿನ ಒತ್ತಡದಿಂದಲೇ ಕ್ಲಚ್ಚು ಬಿಡುವಂತೆ ಏರ್ಪಾಡಿದ್ದುದರಿಂದ, ಕೈಯ ಕ್ಲಚ್ಚಿನ ತಂತಿ ಕಿತ್ತರೂ ಪಳಗಿದ ಸವಾರ ಮನೆ ಸೇರಬಲ್ಲವನಾಗಿದ್ದ. ಒಂದು ಅಂಗದಿಂದ ಎರಡು ಕೆಲಸ, ಸಾಧ್ಯವಾದಷ್ಟು ಕಡಿಮೆ ಭಾಗಗಳು. ನಮ್ಮ ಅಲಂಕಾರಶಾಸ್ತ್ರದವರು ಇದನ್ನು ಕಂಡಿದ್ದರೆ ಶ್ಲೇಷ ಎನ್ನುತ್ತಿದ್ದರೇನೋ.

ಭಾಗಗಳು ಕಡಿಮೆಯಾದ್ದರಿಂದ ಅದನ್ನು ಅರಿಯುವುದು ಸುಲಭವಾಗಿತ್ತು. ಅರಿತವನಿಗೆ ಅದನ್ನು ಬಿಚ್ಚುವುದು ಸುಲಭವಾಗಿತ್ತು. ಒಂದು ಸ್ಪ್ಯಾನರು ಕಟ್ಟು, ಒಂದು ಸ್ಕ್ರೂ ಡ್ರೈವರು, ಪ್ಲಗ್ಗಿನ ಪಾನ, ಪಾಯಿಂಟನ್ನು ಉಜ್ಜಲು ಒಂದು ಚೂರು ಉಪ್ಪುಕಾಗದ — ಇಷ್ಟಿದ್ದರೆ ದಾರಿಯ ಬದಿಯ ಬೇವಿನ ಮರದ ನೆರಳೇ ಕಾರ್ಖಾನೆ. ನಾನು ಕೆಲಸದಲ್ಲಿದ್ದ ಊರಿನಲ್ಲಿ ಬಸ್ ನಿಲ್ದಾಣದ ಹಿಂದೆ ಅಂಥ ಒಂದು ಗ್ಯಾರೇಜು ಇತ್ತು. ಅದರ ಯಜಮಾನರು ನಾಲ್ಕನೆಯ ತರಗತಿಯ ಆಚೆ ಓದಿದವರಲ್ಲ. ಅವರ ಬಳಿ ಗಾಡಿಯನ್ನು ನಿಲ್ಲಿಸಿದರೆ ಅವರು ಮೊದಲು ಸ್ಪ್ಯಾನರನ್ನು ಎತ್ತಿಕೊಳ್ಳುತ್ತಿರಲಿಲ್ಲ. ಎಂಜಿನನ್ನು ಹೊರಡಿಸಿ, ತಲೆಯನ್ನು ಒಂದು ಮಗ್ಗುಲಿಗೆ ಬಾಗಿಸಿ ಸುಮ್ಮನೆ ಕೇಳುತ್ತಿದ್ದರು. ‘ಮೇಷ್ಟ್ರೇ, ಉಸಿರು ಕಟ್ಟಿದೆ, ಸೈಲೆನ್ಸರು ಬಿಚ್ಚಿ ಮಸಿ ಸುಡಬೇಕು’ ಎಂದೋ, ‘ರಿಂಗು ಸವೆದಿದೆ, ಇನ್ನು ಆರು ತಿಂಗಳು ಓಡಿಸಿ, ಆಮೇಲೆ ಬೋರು ಮಾಡಿಸೋಣ’ ಎಂದೋ ಹೇಳುತ್ತಿದ್ದರು. ಹಳೆಯ ನಾಡಿವೈದ್ಯರ ರೀತಿ. ಅವರ ಕೈಕೆಳಗೆ ಇಬ್ಬರು ಹುಡುಗರಿದ್ದರು. ಅವರಿಗೆ ಯಾರೂ ಪಾಠ ಹೇಳಿದ್ದನ್ನು ನಾನು ಕಾಣೆ. ವರ್ಷವೊಂದು ಕಳೆಯುವುದರೊಳಗೆ ಅವರೂ ತಲೆ ಬಾಗಿಸಿ ಕೇಳುವುದನ್ನು ಕಲಿತಿದ್ದರು. ತರಗತಿಯಲ್ಲಿ ನಾನು ವ್ಯಾಕರಣ ಕಲಿಸಲು ಪಡುತ್ತಿದ್ದ ಪಾಡನ್ನು ನೆನೆದು, ಆ ಮೌನಶಿಕ್ಷಣದ ಬಗ್ಗೆ ನನಗೆ ಅಸೂಯೆಯೇ ಆಗುತ್ತಿತ್ತು.

ಇದೇ ವಿಷಯವನ್ನು ಕುರಿತು ಆ ದಶಕದಲ್ಲಿಯೇ ಒಂದು ಪ್ರಸಿದ್ಧ ಪುಸ್ತಕ ಬಂತು. ಅಮೆರಿಕದ ರಾಬರ್ಟ್ ಪಿರ್ಸಿಗ್ 1974ರಲ್ಲಿ ಪ್ರಕಟಿಸಿದ ಅದರ ಹೆಸರಿನಲ್ಲಿ ಝೆನ್ ಎಂಬ ಮಾತೂ ಮೋಟಾರ್ ಸೈಕಲ್ಲಿನ ದುರಸ್ತಿ ಎಂಬ ಮಾತೂ ಒಟ್ಟಿಗೆ ಬರುತ್ತವೆ. ನೂರಕ್ಕೂ ಹೆಚ್ಚು ಪ್ರಕಾಶಕರು ಅದನ್ನು ನಿರಾಕರಿಸಿದ್ದರೆಂಬುದು ಹೊಸ ಲೇಖಕರಿಗೆ ಸಮಾಧಾನ ತರುವ ಸಂಗತಿ. 1968ರಲ್ಲಿ ಲೇಖಕ ತನ್ನ ಮಗನನ್ನು ಹಿಂದೆ ಕೂರಿಸಿಕೊಂಡು ಕೈಗೊಂಡ ಒಂದು ದೀರ್ಘ ಪ್ರಯಾಣ ಅದರ ಹಂದರ. ಜೊತೆಯಲ್ಲಿ ಬರುವ ಗೆಳೆಯನ ಬಳಿ ಬೆಲೆಬಾಳುವ ಬಿ.ಎಂ.ಡಬ್ಲ್ಯು. ವಾಹನವಿದೆ, ಆದರೆ ಅದರ ಒಳಗಿನ ಸಂಗತಿ ಅವನಿಗೆ ಬೇಡ. ಹ್ಯಾಂಡಲ್ ಸಡಿಲವಾದಾಗ, ಬಿಯರಿನ ಡಬ್ಬಿಯ ತಗಡನ್ನು ಕತ್ತರಿಸಿ ಸಂದಿಗೆ ಸೇರಿಸಿದರೆ ಸರಿಹೋಗುತ್ತದೆ ಎಂದು ಲೇಖಕ ಸೂಚಿಸಿದರೆ, ಆ ಗೆಳೆಯನಿಗೆ ಅವಮಾನವಾದಂತಾಗುತ್ತದೆ. ಯಂತ್ರವನ್ನು ಬಳಸುತ್ತೇವೆ, ಆದರೆ ಅದನ್ನು ಅರಿಯುವುದು ನಮ್ಮ ಘನತೆಗೆ ತಕ್ಕುದಲ್ಲ ಎಂಬ ಮನೋಧರ್ಮ ಒಂದು; ಯಂತ್ರದ ಆರೈಕೆಯೂ ಮನಸ್ಸಿನ ಆರೈಕೆಯೇ ಎಂಬ ಮನೋಧರ್ಮ ಇನ್ನೊಂದು. ಪಿರ್ಸಿಗ್ ಇದನ್ನು ನಾನೂರು ಪುಟಗಳಲ್ಲಿ ತರ್ಕಿಸಿದ. ಬಸ್ ನಿಲ್ದಾಣದ ಹಿಂದಿನ ಗ್ಯಾರೇಜಿನ ಯಜಮಾನರಿಗೆ ಅದನ್ನು ತರ್ಕಿಸುವ ಅಗತ್ಯವೇ ಬೀಳಲಿಲ್ಲ. ಬಿಯರಿನ ಡಬ್ಬಿಯ ಬದಲು ಅವರ ಬಳಿ ಹಾಲಿನ ಪುಡಿಯ ಡಬ್ಬಿ ಇತ್ತು, ಅಷ್ಟೆ.

ಹೀಗೆಂದ ಮಾತ್ರಕ್ಕೆ ಹಳೆಯದೆಲ್ಲ ಹೊನ್ನೆಂದು ನಾನು ವಾದಿಸುತ್ತಿಲ್ಲ. ನಾಣ್ಯಕ್ಕೆ ಇನ್ನೊಂದು ಮುಖವೂ ಇದೆ. ಟು-ಸ್ಟ್ರೋಕ್ ಎಂಜಿನಿನಲ್ಲಿ ಎಣ್ಣೆಯೂ ಉರಿದು ಹೊಗೆಯಾಗುತ್ತದೆ. ಉರಿಯದ ಪೆಟ್ರೋಲಿನ ಒಂದಂಶ ಹಾಗೆಯೇ ಹೊರಗೆ ಹೋಗುತ್ತದೆ. ನಮ್ಮ ಹಿಂದೆ ಸೈಕಲ್ಲಿನಲ್ಲಿ ಬರುತ್ತಿದ್ದವನ ಮೂಗಿಗೆ ನಮ್ಮ ಅಭಿಜಾತತೆಯ ನಿಜವಾದ ವಾಸನೆ ತಿಳಿಯುತ್ತಿತ್ತು. ಪೆಟ್ರೋಲಿನ ಖರ್ಚೂ ಕಡಿಮೆಯದಾಗಿರಲಿಲ್ಲ. ಎಂಬತ್ತರ ದಶಕದಲ್ಲಿ ಸರ್ಕಾರದ ನೀತಿ ಸಡಿಲಗೊಂಡು ಜಪಾನಿನ ಸಂಸ್ಥೆಗಳು ಭಾರತೀಯ ಸಂಸ್ಥೆಗಳೊಡನೆ ಕೈಜೋಡಿಸಿದವು. 1984ರಿಂದ ಮೊದಲುಗೊಂಡು ಎರಡು ವರ್ಷಗಳಲ್ಲಿ ಇಂಡ್-ಸುಜುಕಿ, ಹೀರೋ ಹೋಂಡಾ, ಯಮಾಹಾ, ಕವಾಸಾಕಿ ಬಜಾಜ್ ಎಂಬ ಹೆಸರಿನ 100 ಸಿ.ಸಿ.ಯ ಹಗುರವಾದ ವಾಹನಗಳು ಸಾಲುಗಟ್ಟಿ ಬಂದವು. ಅವುಗಳಲ್ಲಿ ಹೀರೋ ಹೋಂಡಾದ್ದು ಫೋರ್-ಸ್ಟ್ರೋಕ್ ಎಂಜಿನು. ಲೀಟರಿಗೆ ಎಂಬತ್ತು ಕಿಲೋಮೀಟರು ಓಡುತ್ತದೆಂದು ಅದರ ಪ್ರಚಾರ. ಪೆಟ್ರೋಲು ತುಂಬಿಸಿ, ಮುಚ್ಚಳ ಹಾಕಿ, ಮರೆತುಬಿಡಿ ಎಂಬರ್ಥದ ಅದರ ಜಾಹೀರಾತು ಮನೆಮಾತಾಯಿತು. ಗುಮಾಸ್ತರು, ಪ್ರಾಥಮಿಕ ಶಾಲೆಯ ಉಪಾಧ್ಯಾಯರು, ಚಿಲ್ಲರೆ ವ್ಯಾಪಾರಿಗಳು, ಹೀಗೆ ಯೆಜ್ಡಿಯನ್ನು ಕೊಂಡು ಸಾಕಲಾರದ ಲಕ್ಷಾಂತರ ಜನರಿಗೆ ಸ್ವಂತದ ವಾಹನ ದಕ್ಕಿದ್ದು ಅಂಥವುಗಳಿಂದಲೇ. ಇದನ್ನು ಒಪ್ಪದೆ ಹಳೆಯದನ್ನು ಹೊಗಳುವುದು ಅಪ್ರಾಮಾಣಿಕವಾದೀತು.

ಆದರೆ ಆ ಜಾಹೀರಾತಿನ ಕೊನೆಯ ಕ್ರಿಯಾಪದವನ್ನು ಗಮನಿಸಿ. ಮರೆತುಬಿಡಿ! ಎಪ್ಪತ್ತರ ದಶಕದ ವಾಹನಗಳು ತಮ್ಮನ್ನು ಮರೆಯಗೊಡುತ್ತಿರಲಿಲ್ಲ. ಭಾನುವಾರದ ಬೆಳಗ್ಗೆ ಎರಡು ಗಂಟೆ ಅವುಗಳಿಗೆ ಮೀಸಲಾಗಿರಬೇಕಿತ್ತು. ಅದು ತೊಂದರೆಯೂ ಹೌದು, ಸಂಬಂಧವೂ ಹೌದು. ನಮ್ಮನ್ನು ಏನನ್ನೂ ಕೇಳದ ವಸ್ತುವಿನೊಡನೆ ನಮಗೆ ಬಳಕೆ ಬೆಳೆಯಬಹುದು, ನಂಟು ಬೆಳೆಯುವುದಿಲ್ಲ.

ಹೊಸ ವಾಹನಗಳ ಸ್ಪರ್ಧೆ, ಹೊಗೆಯನ್ನು ಕುರಿತ ಕಟ್ಟುನಿಟ್ಟಿನ ನಿಯಮಗಳು, ಒಳಗಿನ ತೊಂದರೆಗಳು ಎಲ್ಲ ಕೂಡಿ 1996ರಲ್ಲಿ ಯಾದವಗಿರಿಯ ಕಾರ್ಖಾನೆ ಮುಚ್ಚಿತು. ಪಾಳಿಯ ಸೈರನ್ನಿನೊಡನೆ ದಿನಚರಿಯನ್ನು ಹೊಂದಿಸಿಕೊಂಡಿದ್ದ ಮನೆಗಳಿಗೆ ಅದು ಬರಿಯ ವಾರ್ತೆಯಾಗಿರಲಿಲ್ಲ. ಕಬ್ಬಿಣವನ್ನು ಕಡೆಯುವ, ಎರಕ ಹೊಯ್ಯುವ, ಮಿಲಿಮೀಟರಿನ ನೂರರಲ್ಲೊಂದು ಪಾಲನ್ನು ಬೆರಳ ತುದಿಯಿಂದ ಅಳೆಯುವ ಒಂದು ಕೌಶಲದ ಪರಂಪರೆ ನಮ್ಮ ಊರಿನಲ್ಲಿ ಎರಡು ತಲೆಮಾರುಗಳಲ್ಲಿ ಬೆಳೆದಿತ್ತು. ಕಟ್ಟಡಕ್ಕೆ ಬೀಗ ಹಾಕಬಹುದು. ಆ ಕೌಶಲಕ್ಕೆ ಎಲ್ಲಿಯ ಬೀಗ? ಹೀಗಾಗಿ ಒಂದು ವಿಚಿತ್ರ ನಡೆಯಿತು. ತಯಾರಿಸುವವರೇ ಇಲ್ಲದ ವಾಹನ ರಸ್ತೆಯ ಮೇಲೆ ಉಳಿಯಿತು. ಮುಚ್ಚಿ ಎಷ್ಟೋ ವರ್ಷಗಳಾದ ಮೇಲೂ ಬಿಡಿಭಾಗಗಳು ಸಣ್ಣ ಸಣ್ಣ ಲೇತುಗಳಲ್ಲಿ ತಯಾರಾದವು, ಗುಜರಿಯಿಂದ ಎದ್ದು ಬಂದವು, ಕೈಯಿಂದ ಕೈಗೆ ದಾಟಿದವು. ಈಗ ಪ್ರತಿವರ್ಷ ಜುಲೈ ತಿಂಗಳ ಎರಡನೆಯ ಭಾನುವಾರ ಜಾವಾ-ಯೆಜ್ಡಿ ಪ್ರಿಯರೆಲ್ಲ ಊರೂರುಗಳಲ್ಲಿ ಸೇರುತ್ತಾರೆ. ಕಾರ್ಖಾನೆ ಮುಚ್ಚಿದ ಮೇಲೆ ಹುಟ್ಟಿದ ಹುಡುಗರೂ ಹುಡುಗಿಯರೂ ಅಲ್ಲಿರುತ್ತಾರೆ.

ಹೆಸರುಗಳಿಗೂ ಪುನರ್ಜನ್ಮ ಉಂಟು. ಟ್ರಯಂಫ್ ಎಂಬ ಹೆಸರನ್ನು ಬೇರೊಬ್ಬರು ಕೊಂಡು ಹಿಂಕ್ಲಿ ಎಂಬ ಊರಿನಲ್ಲಿ ಹೊಸದಾಗಿ ವಾಹನ ತಯಾರಿಸಿದರು. ನಮ್ಮಲ್ಲಿಯೂ 2018ರಲ್ಲಿ ಜಾವಾ ಎಂಬ ಹೆಸರೂ 2022ರಲ್ಲಿ ಯೆಜ್ಡಿ ಎಂಬ ಹೆಸರೂ ಹೊಸ ವಾಹನಗಳ ಮೇಲೆ ಮರಳಿ ಬಂದವು. ಅವು ಫೋರ್-ಸ್ಟ್ರೋಕ್ ಎಂಜಿನಿನ, ಹೊಗೆಯ ನಿಯಮಗಳಿಗೆ ಒಪ್ಪುವ ವಾಹನಗಳು, ತಯಾರಾಗುವುದು ಮೈಸೂರಿನಲ್ಲಲ್ಲ. ಅದರಲ್ಲಿ ಆಕ್ಷೇಪಿಸುವಂಥದ್ದೇನೂ ಇಲ್ಲ. ಮೊಮ್ಮಗನಿಗೆ ತಾತನ ಹೆಸರಿಡುವುದು ನಮ್ಮ ಪದ್ಧತಿಯೇ. ಆದರೆ ಹೆಸರು ಬಂದ ಮಾತ್ರಕ್ಕೆ ತಾತ ಬಂದಂತಾಗಲಿಲ್ಲ ಎಂಬುದು ಮೊಮ್ಮಗನಿಗೂ ಗೊತ್ತಿರುತ್ತದೆ.

ಇಷ್ಟು ವಿಚಾರ ಮಾಡಿದ ಮೇಲೆ ನನಗೆ ತೋರುವುದು ಇದು. ಹೋಂಡಾದ ವೇಗವನ್ನು ಇಂದಿನ ಎಷ್ಟೋ ವಾಹನಗಳು ಮೀರಿವೆ. ಡುಕಾಟಿಯ ಗೆಲುವು ದಾಖಲೆಯ ಪುಸ್ತಕದಲ್ಲಿದೆ. ಅವುಗಳನ್ನು ಅಭಿಜಾತವೆನ್ನುವುದಕ್ಕೆ ವೇಗ, ಗೆಲುವುಗಳು ಕಾರಣವಲ್ಲ. ತನ್ನ ಒಡೆಯನಿಗೆ ತಾನು ಅರ್ಥವಾಗಬೇಕೆಂದು ಬಯಸಿದ ಯಂತ್ರಗಳ ಕೊನೆಯ ಪೀಳಿಗೆ ಆ ದಶಕದ್ದು. ಮತ್ತೆ ಮತ್ತೆ ಓದಿಸಿಕೊಳ್ಳುವುದು ಅಭಿಜಾತ ಕೃತಿಯಾದರೆ, ಮತ್ತೆ ಮತ್ತೆ ಬಿಚ್ಚಿಸಿಕೊಂಡು ಮತ್ತೆ ಓಡುವುದು ಅಭಿಜಾತ ಯಂತ್ರ. ಎರಡಕ್ಕೂ ಬೇಕಾದದ್ದು ಬಲ್ಲ ಓದುಗ. ಇಂದಿನ ವಾಹನಗಳಲ್ಲಿ ಎಂಜಿನಿನ ಮಿದುಳು ಮುಚ್ಚಿದ ಡಬ್ಬಿಯೊಳಗಿದೆ. ಅದು ಕೆಟ್ಟರೆ ಸರಿಪಡಿಸುವವರಿಲ್ಲ, ಬದಲಾಯಿಸುವವರಿದ್ದಾರೆ. ಅದರಿಂದ ಗಾಳಿ ಶುದ್ಧವಾಗಿದೆ, ಪೆಟ್ರೋಲು ಉಳಿದಿದೆ, ಅದು ಲಾಭ. ತಲೆ ಬಾಗಿಸಿ ಕೇಳುವುದನ್ನು ಕಲಿಯುವ ಹುಡುಗರು ಗ್ಯಾರೇಜುಗಳಲ್ಲಿ ಕಡಿಮೆಯಾಗುತ್ತಿದ್ದಾರೆ, ಅದು ನಷ್ಟ. ಲಾಭವನ್ನು ನಾವೆಲ್ಲ ದಿನದಿನವೂ ಪಡೆಯುತ್ತಿದ್ದೇವೆ. ನಷ್ಟದ ಲೆಕ್ಕವನ್ನೂ ಯಾರಾದರೂ ಒಂದು ಕಡೆ ಬರೆದಿಡಬೇಕಲ್ಲವೆ? ಹಿತ್ತಲಿನಲ್ಲೋ, ಅಟ್ಟದ ಕೆಳಗೋ, ಗೋಣಿತಾಟು ಹೊದೆದು ನಿಂತಿರುವ ಹಳೆಯ ಗಾಡಿಯೊಂದು ನಿಮ್ಮ ಮನೆಯಲ್ಲಿದ್ದರೆ, ಗುಜರಿಗೆ ತೂಕ ಹಾಕುವ ಮುನ್ನ ಮನೆಯ ಮಕ್ಕಳ ಕೈಗೆ ಒಂದು ಸ್ಪ್ಯಾನರು ಕೊಟ್ಟು ನೋಡಿ. ಅದು ಓಡದಿದ್ದರೂ ಚಿಂತೆಯಿಲ್ಲ. ಅದರ ಒಳಗೆ ಏನಿದೆ ಎಂಬುದನ್ನು ಅವರು ಒಮ್ಮೆ ಕಣ್ಣಾರೆ ನೋಡಲಿ.